ಗೊಂಬೆಯ ಮೈಮೇಲಿನ ಹಸಿರು ಜಾಕೆಟ್

ಹದಿಮೂರು ವರ್ಷದ ಹಿಂದೆ ಒಬ್ಬ ತಾಯಿ ತಮ್ಮ ಕಟ್ಟಡದ ಮೆಟ್ಟಿಲ ಮೇಲೆ ಕೂತು ಮಗಳಿಗೆ ಒಂದು ಮಾತು ಕೊಟ್ಟಿದ್ದಳು.

ಮಗಳಿಗೆ ಆಗ ಎಂಟು ತುಂಬಿತ್ತು. ಅವತ್ತು ನಾದಿನಿಯ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಮಗಳು ಹಾಕಿಕೊಂಡಿದ್ದ ನೀಲಿ ಫ್ರಾಕನ್ನು ನಾದಿನಿಯ ಮಗಳು ಎರಡು ವರ್ಷ ಹಾಕಿ ಬಿಟ್ಟಿದ್ದಳು. ಹಾಕಿ ಬಿಟ್ಟದ್ದನ್ನು ಹಾಕಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ, ಬಡವರ ಮನೆಯಲ್ಲಿ ಬಟ್ಟೆಗೆ ಮೂರು ಜನ್ಮ. ಆದರೆ ನಾದಿನಿಗೆ ನಾಲಿಗೆ ಹಿಡಿತದಲ್ಲಿರಲಿಲ್ಲ. ಹತ್ತು ಜನರೆದುರು, "ಅಯ್ಯೋ, ಇದು ನಮ್ಮವಳದ್ದಲ್ವಾ! ಎಷ್ಟು ಜೋಪಾನ ಮಾಡಿದ್ದೀರಿ ಅತ್ತಿಗೆ! ನೋಡ್ರೇ, ಆ ಮಸಿ ಕಲೆ ಕೂಡ ಹಾಗೇ ಇದೆ" ಎಂದು ನಕ್ಕಳು. ಮಗಳು ಆ ಕಲೆಯ ಮೇಲೆ ಎಡಗೈ ಇಟ್ಟವಳು ಊಟ ಮುಗಿದು ಮನೆ ಸೇರುವವರೆಗೂ ತೆಗೆಯಲಿಲ್ಲ. ಕಟ್ಟಡದ ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಳು, ಮೇಲೆ ಬರಲೊಲ್ಲೆ ಎಂದಳು.

ತಾಯಿಯೂ ಪಕ್ಕದಲ್ಲಿ ಕೂತಳು.

"ನೀನು ದೊಡ್ಡವಳಾಗಿ ಕೆಲಸಕ್ಕೆ ಸೇರ್ತೀಯಲ್ಲ, ಅವತ್ತು ಮೊದಲನೇ ದಿನ, ದೊಡ್ಡ ಅಂಗಡಿ ಗಾಜಿನೊಳಗೆ ಗೊಂಬೆ ಹಾಕ್ಕೊಂಡಿರುತ್ತಲ್ಲ, ಅಂಥದ್ದು ಹಾಕ್ಕೊಂಡು ಹೋಗ್ತೀಯ. ಹೊಸದು. ಯಾರೂ ಹಾಕಿ ಬಿಟ್ಟಿದ್ದಲ್ಲ. ನಾನು ಕೊಡಿಸ್ತೀನಿ."

"ಆಣೆ?"

"ಆಣೆ."

"ಕೊಡಿಸ್ದೇ ಇದ್ರೆ?"

"ಕೊಡಿಸ್ದೇ ಇದ್ರೆ ನನ್ನ ಮಾತಾಡಿಸ್ಬೇಡ. ಒಂದು ವಾರ."

ಮಗಳು ಯೋಚಿಸಿದಳು. "ಒಂದು ವಾರ ಆಗಲ್ಲಮ್ಮ. ಎರಡು ದಿನ," ಎಂದು ಎರಡು ಬೆರಳು ತೋರಿಸಿದಳು. ಆಮೇಲೆ ಎದ್ದು ಮೆಟ್ಟಿಲು ಹತ್ತಿದಳು.

ಆಗ ಆ ತಾಯಿ ಕಚೇರಿಗಳ ನೆಲ ಒರೆಸುತ್ತಿದ್ದಳು. ಈಗ ಏಳು ವರ್ಷದಿಂದ ಮೂರು ಮಹಡಿಯ ಬಟ್ಟೆ ಅಂಗಡಿಯೊಂದರಲ್ಲಿ, ಹೆಂಗಸರು ಬಟ್ಟೆ ಹಾಕಿ ನೋಡುವ ಟ್ರಯಲ್ ರೂಮುಗಳ ಬಾಗಿಲಲ್ಲಿ ನಿಂತಿದ್ದಾಳೆ. ಒಳಗೆ ಹೋಗುವವರ ಕೈಯಲ್ಲಿ ಎಷ್ಟು ಬಟ್ಟೆ ಇದೆ ಎಂದು ನೋಡಿ ಅಷ್ಟು ಸಂಖ್ಯೆಯ ಪ್ಲಾಸ್ಟಿಕ್ ಟೋಕನ್ ಕೊಡುವುದು, ಹೊರಗೆ ಬಂದಾಗ ಬಟ್ಟೆ ಎಣಿಸಿ ಟೋಕನ್ ವಾಪಸು ಪಡೆಯುವುದು, ಬೇಡವೆಂದು ಬಿಟ್ಟದ್ದನ್ನು ಅದರದರ ಜಾಗದಲ್ಲಿ ನೇತುಹಾಕುವುದು. ಹಾಗಾಗಿ ಅಂಗಡಿಯಲ್ಲಿ ಅವಳ ಹೆಸರು ಟೋಕನಮ್ಮ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಏಳು ವರ್ಷ ಆ ಬಾಗಿಲಲ್ಲಿ ನಿಂತವಳಿಗೆ ಬಟ್ಟೆಯೂ ಗೊತ್ತಾಗುತ್ತದೆ, ಮನುಷ್ಯರೂ ಗೊತ್ತಾಗುತ್ತಾರೆ. ಕೆಲವರು ಮೊದಲು ಕನ್ನಡಿ ನೋಡುತ್ತಾರೆ, ಕೆಲವರು ಮೊದಲು ಬೆಲೆಚೀಟಿ ನೋಡುತ್ತಾರೆ. ಕನ್ನಡಿ ನೋಡಿದವರು ಬೇಡವಾದದ್ದನ್ನು ನೆಲದ ಮೇಲೆ ಬಿಟ್ಟು ಬರುತ್ತಾರೆ. ಬೆಲೆಚೀಟಿ ನೋಡಿದವರು ಗುಂಡಿ ಹಾಕಿ, ಮಡಿಕೆ ಸರಿಮಾಡಿ, ಯಾರದೋ ಮಗುವನ್ನು ವಾಪಸು ಕೊಡುವ ಹಾಗೆ ಕೊಡುತ್ತಾರೆ. ಟೋಕನಮ್ಮ ಅಂಥವರ ಕೈಯಿಂದ ಬಟ್ಟೆ ತೆಗೆದುಕೊಳ್ಳುವಾಗ ಮುಖ ನೋಡುತ್ತಿರಲಿಲ್ಲ.

ಆ ಹಸಿರು ಜಾಕೆಟ್ ಬಂದದ್ದು ಎರಡು ತಿಂಗಳ ಹಿಂದೆ. ಕಡು ಹಸಿರು, ಕತ್ತಲೆಯಲ್ಲಿ ಕಪ್ಪೇ ಅನ್ನಬೇಕು. ಒಂದೇ ಒಂದು ಗುಂಡಿ, ಅದಕ್ಕೂ ಅದೇ ಬಟ್ಟೆ ಸುತ್ತಿತ್ತು. ಒಳಗೆ ತಾಮ್ರದ ಬಣ್ಣದ ಅಸ್ತರಿ. ಹೆಗಲ ಹೊಲಿಗೆ ಗೆರೆ ಎಳೆದಂತೆ ನೇರ. ಬೀದಿಗೆ ಮುಖಮಾಡಿದ ಗಾಜಿನ ಗೂಡಿನಲ್ಲಿ ಗೊಂಬೆಯ ಮೈಮೇಲೆ ಅದನ್ನೇ ಹಾಕಿದರು. ಮರುವಾರ ಮಗಳಿಗೆ ಕೆಲಸದ ಪತ್ರ ಬಂತು: ಮನೆ ಕಟ್ಟುವ ನಕ್ಷೆ ಬರೆಯುವವರ ಕಚೇರಿ, ಮುಂಬಾಗಿಲ ಮೇಜು, ಬರುವವರನ್ನು ಮಾತಾಡಿಸುವ ಕೆಲಸ. ಪತ್ರದ ಕೊನೆಯಲ್ಲಿ ಉಡುಪು ಅಚ್ಚುಕಟ್ಟಾಗಿರಬೇಕು ಎಂದಿತ್ತು. ಟೋಕನಮ್ಮ ಆ ಸಾಲನ್ನು ಎರಡು ಸಲ ಓದಿಸಿಕೊಂಡಳು.

ಬೆಲೆ ಮಾತ್ರ ಗಗನದಲ್ಲಿತ್ತು. ಆದರೆ ಅಂಗಡಿಯಲ್ಲಿ ಬಟ್ಟೆಗೆ ಹಣ್ಣಿನ ಹಾಗೇ ಬಣ್ಣ ತಿರುಗುತ್ತದೆ. ಉಳಿದದ್ದಕ್ಕೆ ಮೊದಲು ಹಳದಿ ಚೀಟಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ಕೆಂಪೆಂದರೆ ಅರ್ಧ ಬೆಲೆ. ಅದರ ಮೇಲೆ ಕೆಲಸದವರ ರಿಯಾಯಿತಿ. ಆಗ ಅವಳ ಕೈಗೆಟುಕುತ್ತದೆ. ಹಸಿರು ಜಾಕೆಟ್‌ಗೆ ಕೆಂಪು ಚೀಟಿ ಬೀಳುವುದು ಶನಿವಾರ. ಮಗಳು ಕೆಲಸಕ್ಕೆ ಸೇರುವುದು ಸೋಮವಾರ. ಎಲ್ಲ ಸರಿಹೊಂದಿತ್ತು, ಒಂದು ಬಿಟ್ಟು. ಆ ವಾರದ ಮೊದಲ ದಿನ ನೋಡಿದರೆ ಮಗಳ ಅಳತೆಯಲ್ಲಿ ಒಂದೇ ಒಂದು ಉಳಿದಿತ್ತು. ಗೊಂಬೆಯ ಮೈಮೇಲಿದ್ದದ್ದು ತೀರ ಸಣ್ಣದು, ಹಿಂದೆ ಪಿನ್ನು ಹಾಕಿ ಬಿಗಿದದ್ದು, ಮಗಳ ತೋಳಿಗೂ ಏರದು.

ಕೆಲಸದವರು ಬಟ್ಟೆ ಎತ್ತಿಟ್ಟುಕೊಳ್ಳುವ ಹಾಗಿಲ್ಲ. ಅದು ಅಂಗಡಿಯ ಮೊದಲ ಕಟ್ಟಳೆ. ಹಿಂದೆ ಇಬ್ಬರ ಕೆಲಸ ಹೋಗಿತ್ತು. ಟೋಕನಮ್ಮ ಸೋಮವಾರ ಮಧ್ಯಾಹ್ನ ಆ ಜಾಕೆಟ್ಟನ್ನು ಇತರ ಬಟ್ಟೆಗಳ ಜೊತೆ ತೋಳಿನ ಮೇಲೆ ಹಾಕಿಕೊಂಡು, ಗಂಡಸರ ಮಳೆಕೋಟುಗಳ ಸಾಲಿನ ಕೊನೆಯಲ್ಲಿ ನೇತುಹಾಕಿ ಬಂದಳು. ಯಾರೂ ನೋಡಲಿಲ್ಲ.

ಅಲ್ಲಿಂದ ಅವಳ ನೆಮ್ಮದಿ ಹೋಯಿತು. ಟೋಕನ್ ಕೊಡುತ್ತಿದ್ದರೂ ಕಿವಿ ಮಳೆಕೋಟಿನ ಕಡೆಗೆ. ನೀರು ಕುಡಿಯುವ ನೆಪ, ಕೈ ತೊಳೆಯುವ ನೆಪ, ಗಳಿಗೆಗೊಮ್ಮೆ ಹೋಗಿ ಹಸಿರು ತೋಳಿನ ತುದಿ ಕಾಣುತ್ತದೆಯೇ ಎಂದು ನೋಡಿ ಬರುವುದು. ಮಂಗಳವಾರ ಬೆಳಿಗ್ಗೆ ಮೋಡ ಕವಿಯಿತು. ಮಳೆ ಬಂದರೆ ಮಳೆಕೋಟಿಗೆ ಜನ ಮುಗಿಬೀಳುತ್ತಾರೆ! ಓಡಿಹೋಗಿ ತೆಗೆದು ಗರ್ಭಿಣಿಯರ ಉಡುಪಿನ ಸಾಲಿಗೆ ಸೇರಿಸಿದಳು. ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಏಳು ಮನೆ ಸುತ್ತುವುದಿಲ್ಲವೇ, ಹಾಗೆ.

ಬುಧವಾರ ತುಂಬು ಬಸುರಿಯೊಬ್ಬಳು ಅತ್ತೆಯ ಜೊತೆ ಬಂದಳು. ಐದು ಬಟ್ಟೆ ಆರಿಸಿದ್ದಳು. ಐದರಲ್ಲಿ ಒಂದು ಹಸಿರು ಜಾಕೆಟ್.

ಒಳಗಿನಿಂದ ಸೊಸೆಯ ಗೋಳು ಕೇಳಿಸಿತು. "ಅತ್ತೆ, ಇದು ಹೊಟ್ಟೆಗೆ ಅರ್ಧಕ್ಕೂ ಬರ್ತಿಲ್ಲ."

"ಬಸುರೀರ ಬಟ್ಟೆ ಜೊತೆ ಇಟ್ಟಿದ್ದಾರೆ, ಬರ್ಲೇಬೇಕು. ಉಸಿರು ಬಿಗಿ ಹಿಡಿ," ಎಂದಳು ಅತ್ತೆ.

"ಎಂಟು ತಿಂಗಳ ಹೊಟ್ಟೆ, ಉಸಿರು ಬಿಗಿ ಹಿಡಿದ್ರೆ ಎಲ್ಲಿಗೆ ಹೋಗುತ್ತೆ ಅತ್ತೆ?"

"ಅದು ಹೆರಿಗೆ ಆದ್ಮೇಲೆ ಹಾಕೋದು ಮೇಡಂ," ಎಂದು ಟೋಕನಮ್ಮ ಬಾಗಿಲಾಚೆಯಿಂದ ಹೇಳಿದಳು. ಹೇಳಿದ ಮೇಲೆ ಅವಳಿಗೇ ನಗು ಬಂತು, ನಗುವಿನ ಹಿಂದೆ ಬೆವರೂ ಬಂತು.

ಅವರು ಹೋದ ಮೇಲೆ ಜಾಕೆಟ್ಟನ್ನು ಎತ್ತಿಕೊಂಡು ನೆಲಮಾಳಿಗೆಗೆ ಇಳಿದಳು. ಅಲ್ಲಿ ಉದ್ದದ ಪ್ಯಾಂಟು ಗಿಡ್ಡ ಮಾಡುವ, ಸಡಿಲವನ್ನು ಬಿಗಿ ಮಾಡುವ ದರ್ಜಿ ಒಬ್ಬನಿದ್ದ. ಅಳತೆಪಟ್ಟಿ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡಿರಲಿಲ್ಲವಾಗಿ ಅವನು ಎಲ್ಲರಿಗೂ ಟೇಪಣ್ಣ.

"ಅಣ್ಣ, ಮೂರೇ ಮೂರು ದಿನ ಇದು ನಿನ್ನ ಹತ್ರ ಇರ್ಲಿ."

ಟೇಪಣ್ಣ ಜಾಕೆಟ್ಟನ್ನು ತಿರುಗಿಸಿ, ಹೆಗಲ ಒಳಗೆ ಕೈಹಾಕಿ ನೋಡಿದ. "ಒಳ್ಳೆ ಕೈ ಹೊಲಿದಿದೆ. ಮಗಳಿಗಾ?"

"ಹೂಂ."

"ಗಿರಾಕಿ ಚೀಟಿ ಇಲ್ಲದ ಬಟ್ಟೆ ನನ್ನ ಕೋಣೇಲಿ ಸಿಕ್ರೆ ನನ್ನ ಕತ್ತಿಗೆ ಬರುತ್ತಮ್ಮ. ಕತ್ತಲ್ಲಿ ಈಗಾಗ್ಲೇ ಒಂದು ನೇತಾಡ್ತಿದೆ." ಪಟ್ಟಿ ಎತ್ತಿ ತೋರಿಸಿದ. ಆಮೇಲೆ ದನಿ ತಗ್ಗಿಸಿದ. "ವಾಪಸ್ ಇಟ್ಬಿಡು. ಇದ್ರೆ ಇರುತ್ತೆ, ಹೋದ್ರೆ ಹೋಗುತ್ತೆ. ಸುಳ್ಳು ಅನ್ನೋದು ಬಟ್ಟೆ ಥರ ಅಲ್ಲ, ಒಂದು ಕಡೆ ಹಿಡಿದ್ರೆ ಇನ್ನೊಂದು ಕಡೆ ಬಿಚ್ಚುತ್ತೆ."

"ನಿನಗೆ ಮಕ್ಕಳಿಲ್ಲ, ಅದಕ್ಕೆ ಹೀಗೆ ಮಾತಾಡ್ತೀಯ," ಎಂದುಬಿಟ್ಟಳು. ಮೇಲೆ ಬರುವಾಗ ಆ ಮಾತು ಆಡಬಾರದಿತ್ತು ಅನ್ನಿಸಿತು. ಆದರೆ ವಾಪಸು ಇಳಿಯಲು ಪುರುಸೊತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಹೊಳೆಯಿತು. ಎರಡನೇ ಮಹಡಿಯ ಮೂಲೆಯಲ್ಲಿ ಅತಿ ದೊಡ್ಡ ಅಳತೆಯ ಉಣ್ಣೆಯ ಕೋಟುಗಳಿದ್ದವು. ಆನೆಗೆ ಹೊಲಿಸಿದಂಥವು, ವರ್ಷದಲ್ಲಿ ಎರಡು ಹೋದರೆ ಹೆಚ್ಚು. ಒಂದು ಕೋಟಿನ ಒಳಗೆ, ಅದೇ ಹ್ಯಾಂಗರಿಗೆ ಜಾಕೆಟ್ ತೊಡಿಸಿ, ಮೇಲೆ ಕೋಟಿನ ಗುಂಡಿಗಳನ್ನೆಲ್ಲ ಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ.

ಗುರುವಾರ ಸಂಜೆ ಸೀಟಿ ಬಂದ. ಸೀಟಿ ಎಂದರೆ ಮಹಡಿಯ ಮೇಲ್ವಿಚಾರಕ. ಉಸಿರಾಡಿದಾಗಲೆಲ್ಲ ಅವನ ಮೂಗಿನಿಂದ ಸಣ್ಣಗೆ ಸೀಟಿ ಹೊಡೆದಂತೆ ಸದ್ದು ಬರುತ್ತಿತ್ತು, ಅವನಿಗಿಂತ ಮೊದಲು ಅದು ಬರುವುದರಿಂದ ಕೆಲಸದವರಿಗೆಲ್ಲ ಅನುಕೂಲವೇ ಆಗಿತ್ತು.

"ಟೋಕನಮ್ಮ, ಆ ಹಸಿರು ಜಾಕೆಟ್, ಮಧ್ಯಮ ಅಳತೆ, ಕಂಪ್ಯೂಟರ್‌ನಲ್ಲಿ ಒಂದಿದೆ ಅಂತ ತೋರಿಸ್ತಿದೆ. ಕೆಳಗೆ ಗಿರಾಕಿ ಕಾಯ್ತಿದ್ದಾರೆ. ಇಲ್ಲೇನಾದ್ರೂ ಬಂದಿದೆಯಾ?"

"ಇಲ್ಲ ಸಾರ್."

"ಮಹಡಿ ಪೂರ್ತಿ ಒಂದು ಸಲ ನೋಡಿ. ನಿಮ್ಮ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ."

ಹೊಗಳಿಕೆ ಚುಚ್ಚಿತು. ಅವಳು ಹುಡುಕಿದಳು. ಎಂಥ ನಿಷ್ಠೆಯಿಂದ ಹುಡುಕಿದಳೆಂದರೆ, ಪ್ಯಾಂಟುಗಳ ನಡುವೆ, ಶಾಲುಗಳ ಕೆಳಗೆ, ಬೇಡವಾದ ಬಟ್ಟೆಯ ಬುಟ್ಟಿಯಲ್ಲಿ ಬಗ್ಗಿ ಬಗ್ಗಿ ಹುಡುಕಿದಳು. ಉಣ್ಣೆಯ ಕೋಟುಗಳ ಮುಂದೆ ಹಾದುಹೋಗುವಾಗ ಒಂದು ಕೋಟಿನ ತೋಳನ್ನು ಬೆರಳಿನಿಂದ ಸವರಿದಳು, ನಿಲ್ಲಲಿಲ್ಲ.

"ಇಲ್ಲ ಸಾರ್, ಎಲ್ಲೂ ಇಲ್ಲ."

ಗಿರಾಕಿ ಇಪ್ಪತ್ತು ನಿಮಿಷ ಕಾದು ಹೋದರಂತೆ. ಸೀಟಿ ಕಂಪ್ಯೂಟರಿನಲ್ಲಿ ಆ ಜಾಕೆಟ್‌ನ ಮುಂದೆ 'ಕಾಣೆಯಾಗಿದೆ' ಎಂದು ಬರೆಸಿದ.

ಶುಕ್ರವಾರ ಮಧ್ಯಾಹ್ನ ಕೆಲಸದವರ ಊಟದ ಕೋಣೆಗೆ ಹೋದರೆ, ಜಾಕೆಟ್ ವಿಭಾಗ ನೋಡಿಕೊಳ್ಳುವ ಹುಡುಗಿ ಡಬ್ಬಿಯ ಮುಚ್ಚಳವನ್ನೂ ತೆಗೆಯದೆ ಕೂತಿದ್ದಳು. ಸೇರಿ ನಾಲ್ಕು ತಿಂಗಳಾಗಿತ್ತು ಅಷ್ಟೆ.

"ಏನಾಯ್ತೇ?"

"ಕಾಣೆಯಾದ ಜಾಕೆಟ್ಟು ನನ್ನ ವಿಭಾಗದ್ದಲ್ವಾ ಅಕ್ಕ. ಸಂಬಳದಲ್ಲಿ ಹಿಡ್ಕೋತಾರಂತೆ. ಅದೂ ಕೆಂಪು ಚೀಟಿ ಬೆಲೆಯಲ್ಲ, ಮೊದಲನೇ ಬೆಲೆ." ಹುಡುಗಿ ಮೂಗು ಒರೆಸಿಕೊಂಡಳು. "ನಾನು ಅಂಥದ್ದು ಹಾಕಿ ಕೂಡ ನೋಡಿಲ್ಲಕ್ಕ. ಹಾಕದೇ ಇದ್ದಿದ್ದಕ್ಕೆ ದುಡ್ಡು ಕೊಡ್ಬೇಕು."

ಟೋಕನಮ್ಮ ಹುಡುಗಿಯ ಡಬ್ಬಿಯ ಮುಚ್ಚಳ ತೆಗೆದಿಟ್ಟಳು. "ಸಿಗುತ್ತೆ ಬಿಡು," ಎಂದಳು. "ನಾಳೆಯೊಳಗೆ ಸಿಗುತ್ತೆ. ಊಟ ಮಾಡು." ನಾಳೆ ಬೆಳಿಗ್ಗೆ ತಾನೇ ಎಲ್ಲೋ ಸಿಕ್ಕಿತೆಂದು ತಂದುಕೊಟ್ಟರಾಯಿತು, ಕೆಂಪು ಚೀಟಿ ಅಂಟಿಸಿದೊಡನೆ ಕೊಂಡರಾಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಬಾಗಿಲಿಗೆ ಹಿಂತಿರುಗಿ ಯಾರಿಗೋ ಮೂರರ ಬದಲು ಐದರ ಟೋಕನ್ ಕೊಟ್ಟಳು.

ಆ ಸಂಜೆ ಮನೆಗೆ ಹೋದಾಗ ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ಮೈಮೇಲೆ ಬೂದು ಬಣ್ಣದ ಜಾಕೆಟ್. ಮೊಣಕೈ ಹತ್ತಿರ ಬಟ್ಟೆ ಸವೆದು ಹೊಳೆಯುತ್ತಿತ್ತು.

"ಯಾರದ್ದದು?"

"ಅತ್ತೆ ಮಗಳದ್ದು. ಕೇಳಿ ಇಸ್ಕೊಂಡು ಬಂದೆ. ಒಂದು ವಾರಕ್ಕೆ."

ನಾದಿನಿಯ ಮಗಳು. ಅದೇ ನೀಲಿ ಫ್ರಾಕಿನವಳು. ಟೋಕನಮ್ಮ ಚೀಲವನ್ನು ಕೆಳಗಿಡುವುದನ್ನೂ ಮರೆತಳು. "ಯಾಕೆ ಹೋದೆ ಅವರ ಮನೆ ಬಾಗಿಲಿಗೆ? ಸೋಮವಾರ ಇನ್ನೂ ಮೂರು ದಿನ ಇತ್ತಲ್ಲ!"

"ಕಿರುಚಬೇಡಮ್ಮ, ಅಪ್ಪ ಮಲಗಿದ್ದಾರೆ." ಅಪ್ಪ ರಾತ್ರಿ ಪಾಳಿಯ ಕಾವಲುಗಾರ. ಆ ಮನೆಯಲ್ಲಿ ಜಗಳಗಳೆಲ್ಲ ಪಿಸುಮಾತಿನಲ್ಲೇ ನಡೆಯಬೇಕಿತ್ತು. "ನಾನೇನು ಆಸೆಪಟ್ಟು ಹೋದ್ನಾ? ನಿನ್ನೆ ನಿಮ್ಮ ಅಂಗಡಿಗೆ ಬಂದಿದ್ದೆ."

"ಎಲ್ಲಿಗೆ?"

"ನಿಮ್ಮ ಅಂಗಡಿಗೆ. ನೀನು ಬರಬೇಡ ಅಂತೀಯಲ್ಲ, ಅದಕ್ಕೆ ಮೇಲೆ ಬರ್ಲಿಲ್ಲ, ಕೆಳಗೇ ಇದ್ದೆ. ನೀನು ಎರಡು ತಿಂಗಳಿಂದ ಮನೇಲಿ ಹೇಳ್ತಾನೇ ಇದ್ದೆ, ಹಸಿರು ಜಾಕೆಟ್ಟು, ಒಂದೇ ಗುಂಡಿ, ತಾಮ್ರದ ಅಸ್ತರಿ. ನನಗೆ ಅದನ್ನ ನೋಡದೇನೇ ಬಾಯಿಪಾಠ ಆಗಿತ್ತು. ಪಕ್ಕದ ಮನೆ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದು ಕೂಡಿಟ್ಟಿದ್ದೆ, ಕಿತ್ತಳೆ ಚೀಟಿ ಬೆಲೆಗೆ ಸರಿಯಾಗಿ ಸಾಕಾಗ್ತಿತ್ತು. ತಗೊಂಡು ನಿನ್ನ ಕೈಗೆ ಕೊಟ್ಟು, 'ನೀನೇ ಕೊಡಿಸ್ದೆ ಅಂತ ಹೇಳು' ಅನ್ನೋಣ ಅಂತಿದ್ದೆ. ನಿನಗೂ ನೆಮ್ಮದಿ, ನನಗೂ ಜಾಕೆಟ್ಟು." ಮಗಳು ತೋಳು ಕೊಡವಿದಳು. "ಇಪ್ಪತ್ತು ನಿಮಿಷ ನಿಲ್ಲಿಸಿದ್ರು. ಕಂಪ್ಯೂಟರ್‌ನಲ್ಲಿ ಇದೆ ಅಂತಾರೆ, ಮೇಲೆ ಹುಡುಕಿಸ್ತೀವಿ ಅಂತಾರೆ, ಆಮೇಲೆ ಎಲ್ಲೂ ಇಲ್ಲ ಅಂತಾರೆ. ಯಾವಳೋ ಸೋಮಾರಿ ಸರಿಯಾಗಿ ಹುಡುಕಿರಲ್ಲ."

ಟೋಕನಮ್ಮ ಸ್ಟೂಲಿನ ಮೇಲೆ ಕೂತಳು. ಕೂತವಳು ಮತ್ತೆ ಎದ್ದಳು. ಒಲೆ ಹಚ್ಚಿದಳು, ಆರಿಸಿದಳು.

"ನೀನು ಆ ಬೂದು ಜಾಕೆಟ್ ತೆಗೆ. ನಾಳೆ ಒಂದು ದಿನ ತಡ್ಕೋ."

"ಯಾಕೆ?"

"ತಡ್ಕೋ ಅಂದೆ."

ಆ ರಾತ್ರಿ ಅವಳಿಗೆ ಕಣ್ಣು ಮುಚ್ಚಿದರೆ ಕೋಟು, ತೆರೆದರೆ ಕೋಟು. ಬೆಳಿಗ್ಗೆ ಅಂಗಡಿಯ ಹಿಂಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಳು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಎರಡನೇ ಮಹಡಿಯ ಮೂಲೆಗೆ ಹೋದಳು.

ಉಣ್ಣೆಯ ಕೋಟುಗಳ ಸಾಲು ಇರಲಿಲ್ಲ. ಕಂಬಿ ಖಾಲಿ. ಅದರ ಮೇಲೆ ಒಂದು ಮುರಿದ ಹ್ಯಾಂಗರ್ ಮಾತ್ರ ತೂಗುತ್ತಿತ್ತು.

ನೆಲ ಗುಡಿಸುತ್ತಿದ್ದವಳು ಪೊರಕೆ ನಿಲ್ಲಿಸಿದಳು. "ಅದನ್ನ ಹುಡುಕ್ತಿದ್ದೀಯಾ? ನಿನ್ನೆ ನೀನು ಹೋದ್ಮೇಲೆ ಪೆಟ್ಟಿಗೆಗೆ ತುಂಬಿ ಲಾರಿಗೆ ಹಾಕಿದ್ರು. ಇಲ್ಲಿ ಓಡಲ್ಲ ಅಂತ, ಚಳಿ ಜಾಸ್ತಿ ಇರೋ ಊರಿನ ಅಂಗಡಿಗೆ."

ಆ ಊರಿಗೆ ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ; ಭಾನುವಾರವೂ ಅವಳಿಗೆ ಕೆಲಸವಿತ್ತು, ಸೋಮವಾರದೊಳಗೆ ಆಗುವ ಮಾತಲ್ಲ. ಟೋಕನಮ್ಮ ಖಾಲಿ ಕಂಬಿಯನ್ನು ಹಿಡಿದುಕೊಂಡು ನಿಂತಳು. ಇಷ್ಟು ಜೋಪಾನವಾಗಿ ಬಚ್ಚಿಟ್ಟರೆ ಯಾರಿಗಾದರೂ ಸಿಗುವುದಾದರೂ ಹೇಗೆ? ಅವಳಿಗೇ ಸಿಗಲಿಲ್ಲ. ಯಾರೂ ನೋಡಿಲ್ಲ, ಯಾರಿಗೂ ತಿಳಿಯುವುದಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ. ಹೀಗೆ ಅಂದುಕೊಂಡು ಟ್ರಯಲ್ ರೂಮಿನ ಬಾಗಿಲವರೆಗೆ ನಡೆದಳು. ಜಾಕೆಟ್ ವಿಭಾಗದ ಹುಡುಗಿ ಅಲ್ಲೇ ಕಾಯುತ್ತಿದ್ದಳು.

"ಅಕ್ಕ, ನಾಳೆಯೊಳಗೆ ಸಿಗುತ್ತೆ ಅಂದಿದ್ರಲ್ಲ? ಎಲ್ಲಿ ಹುಡುಕ್ಬೇಕು ಹೇಳಿ, ನಾನು ಈಗ್ಲೇ ಹುಡುಕ್ತೀನಿ."

ಟೋಕನಮ್ಮ ಟೋಕನ್‌ಗಳ ಗೊಂಚಲನ್ನು ಆ ಹುಡುಗಿಯ ಕೈಗೆ ಕೊಟ್ಟಳು. "ಹತ್ತು ನಿಮಿಷ ಇಲ್ಲಿ ನಿಂತಿರು," ಎಂದು ಮೇಲ್ವಿಚಾರಕನ ಕೋಣೆಗೆ ಹೋದಳು.

"ಸಾರ್, ಆ ಜಾಕೆಟ್ ಕಾಣೆಯಾಗಿಲ್ಲ. ನಾನೇ ಬಚ್ಚಿಟ್ಟಿದ್ದೆ. ದೊಡ್ಡ ಕೋಟಿನೊಳಗೆ. ನಿನ್ನೆ ಲಾರೀಲಿ ಹೋಗಿದೆ. ಆ ಹುಡುಗಿ ಸಂಬಳ ಹಿಡೀಬೇಡಿ."

ಮೂಗಿನ ಸೀಟಿ ನಿಂತುಹೋಯಿತು. ಏಳು ವರ್ಷದಲ್ಲಿ ಅದು ನಿಂತದ್ದನ್ನು ಅವಳು ಕೇಳಿರಲಿಲ್ಲ.

"ಯಾರಿಗೋಸ್ಕರ?"

"ಮಗಳಿಗೆ. ಇವತ್ತು ಕೆಂಪು ಚೀಟಿ ಬೀಳುತ್ತೆ ಅಂತ."

ಅವನು ಫೋನು ತೆಗೆದು ಚಳಿಯ ಊರಿನ ಅಂಗಡಿಗೆ ಮಾತಾಡಿದ. ಪೆಟ್ಟಿಗೆಗಳು ಬೆಳಗಿನ ಜಾವ ಬಂದಿದ್ದವು. ಕೋಟಿನ ಗುಂಡಿ ಬಿಚ್ಚಿ ನೋಡಿಸಿದ. ಇತ್ತು. ಫೋನು ಇಟ್ಟ.

"ಇದು ಇನ್ನು ಅವರ ಲೆಕ್ಕದ ಬಟ್ಟೆ. ಎತ್ತಿಡೋಕೆ ಹೇಳ್ಲಾ?" ಎಂದ. ಕುಹಕವೋ ಕನಿಕರವೋ ತಿಳಿಯಲಿಲ್ಲ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು. "ಬಚ್ಚಿಟ್ಟು ಸಿಕ್ಕಿಬಿದ್ದವರನ್ನ ಮನೆಗೆ ಕಳಿಸ್ಬೇಕು ಅಂತ ಕಟ್ಟಳೆ ಇದೆ. ತಾವಾಗೇ ಬಂದು ಹೇಳಿದವರನ್ನ ಏನು ಮಾಡ್ಬೇಕು ಅಂತ ಎಲ್ಲೂ ಬರೆದಿಲ್ಲ. ಯಾರೂ ಬಂದು ಹೇಳಿದ್ದಿಲ್ಲವಲ್ಲ." ಮತ್ತೆ ಸೀಟಿ ಶುರುವಾಯಿತು. "ಆರು ತಿಂಗಳು ನಿಮಗೆ ರಿಯಾಯಿತಿ ಇಲ್ಲ. ನಿಮ್ಮ ಮನೆಯವರು ಯಾರೂ ಇಲ್ಲಿ ಏನೂ ಕೊಳ್ಳೋ ಹಾಗಿಲ್ಲ. ಬಾಗಿಲಿಗೆ ಹೋಗಿ, ಜನ ಬರೋ ಹೊತ್ತು."

ಆ ದಿನ ಮಗಳಿಗೆ ಹೇಳುವ ಧೈರ್ಯ ಬರಲಿಲ್ಲ. ಭಾನುವಾರ ಅಂಗಡಿಯಲ್ಲಿ ಅರ್ಧ ದಿನ. ಬಿಟ್ಟೊಡನೆ ಮಗಳನ್ನು ಬಸ್ ನಿಲ್ದಾಣಕ್ಕೆ ಕರೆಸಿಕೊಂಡು, ಅಗ್ಗದ ಬಟ್ಟೆ ಸಿಗುವ ಓಣಿಗಳ ಕಡೆ ಎಳೆದುಕೊಂಡು ನಡೆದಳು. ನಡೆಯುತ್ತಲೇ ಎಲ್ಲವನ್ನೂ ಹೇಳಿದಳು. ಮುಖ ನೋಡಿ ಹೇಳುವುದಕ್ಕಿಂತ ಅದು ಸುಲಭವಿತ್ತು.

ಮಗಳು ಬೀದಿಯ ನಡುವೆ ನಿಂತಳು. "ಆ ಸೋಮಾರಿ ನೀನಾ?"

"ನಾನೇ."

"ನನಗೇ ಇಲ್ಲ ಅಂದ್ಯಾ?"

"ನೀನು ಅಂತ ಯಾರಿಗೆ ಗೊತ್ತಿತ್ತೇ! ಬೇಗ ನಡಿ, ಏಳಕ್ಕೆಲ್ಲ ಬಾಗಿಲು ಹಾಕ್ತಾರೆ."

ಮಗಳು ನಕ್ಕಳು, ಆದರೆ ನಗು ಬಾಯಿಯಲ್ಲೇ ಉಳಿಯಿತು, ಕಣ್ಣಿಗೆ ಏರಲಿಲ್ಲ.

ಅಂಗಡಿಯಿಂದ ಅಂಗಡಿಗೆ ಓಡಿದರು. ಕೈಯಲ್ಲಿ ಹಣವಿರಲಿಲ್ಲವೆಂದಲ್ಲ, ಇಬ್ಬರದ್ದೂ ಸೇರಿಸಿದರೆ ಇಂಥ ಓಣಿಯಲ್ಲಿ ಎರಡು ಜಾಕೆಟ್ ಬರುತ್ತಿತ್ತು. ಕಷ್ಟವಿದ್ದದ್ದು ಟೋಕನಮ್ಮನ ಕೈಯಲ್ಲಿ. ಏಳು ವರ್ಷ ಒಳ್ಳೆಯ ಬಟ್ಟೆ ಮುಟ್ಟಿದ ಕೈ ಅದು, ಸುಳ್ಳನ್ನು ಹೊರಗಿನಿಂದಲೇ ಗುರುತಿಸುತ್ತಿತ್ತು. ಒಂದು ಅಂಗಡಿಯಲ್ಲಿ ಮಗಳು ನೀಲಿ ಜಾಕೆಟ್ ಹಾಕಿಕೊಂಡು ತಿರುಗಿ ನೋಡಿದಳು. "ಇದು ಸಾಕಮ್ಮ. ಹೊಸದೇ ಅಲ್ವಾ?"

ತಾಯಿ ಕಾಲರಿನ ಅಂಚು ಮಡಚಿ ನೋಡಿದಳು. "ಹೊಸದೇ. ಅಂಟು ಹಾಕಿ ನಿಲ್ಲಿಸಿದ್ದಾರೆ. ಬುಧವಾರಕ್ಕೆ ಹಳೇದಾಗುತ್ತೆ."

"ಬುಧವಾರದವರೆಗಾದ್ರೂ ಹೊಸದಾಗಿರುತ್ತಲ್ಲ!"

"ಬೇಡ. ಬಾ."

ಆರೂವರೆಗೆ ಇನ್ನೊಂದು ಅಂಗಡಿಯಲ್ಲಿ ಒಂದು ಕಪ್ಪು ಜಾಕೆಟ್ ಸಿಕ್ಕಿತು. ಹೆಗಲು ನೇರ, ಬಟ್ಟೆ ಗಟ್ಟಿ, ಮಗಳ ಮೈಗೆ ಹೊಲಿಸಿದಂತೆ ಕೂತಿತು. ಅಂಗಡಿಯವನು, "ಇವತ್ತೇ ಬಂದ ಮಾಲು ಅಕ್ಕ, ಮಡಿಕೆ ಕೂಡ ಬಿಚ್ಚಿಲ್ಲ," ಎಂದ. ಮಗಳ ಮುಖದಲ್ಲಿ ಮೊದಲ ಬಾರಿ ಬೆಳಕು ಬಂತು. ತಾಯಿ ಹಣ ತೆಗೆಯಲು ಪರ್ಸಿಗೆ ಕೈ ಹಾಕಿದಳು. ಅಭ್ಯಾಸಬಲದಿಂದ ಇನ್ನೊಂದು ಕೈ ತೋಳಿನ ತುದಿಯನ್ನು ಒಳಮಗ್ಗುಲಾಗಿ ತಿರುಗಿಸಿತು. ಹೊಲಿಗೆಯ ಪಕ್ಕದಲ್ಲಿ ಸಾಲಾಗಿ ಸಣ್ಣ ಸಣ್ಣ ತೂತುಗಳು. ಹಿಂದೊಮ್ಮೆ ಯಾರಿಗೋ ತೋಳು ಗಿಡ್ಡ ಮಾಡಿ, ಮತ್ತೆ ಬಿಚ್ಚಿ, ಇಸ್ತ್ರಿ ಹಾಕಿದ್ದರು.

"ಇದು ಯಾರೋ ಹಾಕಿ ಬಿಟ್ಟಿದ್ದು," ಎಂದಳು.

"ನನಗೆ ಪರವಾಗಿಲ್ಲಮ್ಮ."

"ನನಗೆ ಆಗಲ್ಲ."

"ಅಮ್ಮ, ಅಲ್ಲಿ ಯಾರು ತೋಳು ತಿರುಗಿಸಿ ನೋಡ್ತಾರೆ?"

"ನಾನು ನೋಡಿದ್ದೀನಲ್ಲ."

ಅಂಗಡಿಯವನು ರೇಗಿದ. "ಅಕ್ಕ, ನೀವು ಬಟ್ಟೆ ಕೊಳ್ಳೋಕೆ ಬಂದ್ರೋ, ತನಿಖೆಗೆ ಬಂದ್ರೋ?"

ಹೊರಗೆ ಬಂದಾಗ ಎದುರು ಸಾಲಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಎಳೆಯುತ್ತಿದ್ದವು. ಟೋಕನಮ್ಮ ಇನ್ನೂ ತೆರೆದಿದ್ದ ಒಂದರ ಕಡೆಗೆ ಓಡಿದಳು. ಅವಳು ಮುಟ್ಟುವ ಹೊತ್ತಿಗೆ ಅದೂ ಮುಚ್ಚಿತು. ಆಮೇಲೆ ಹಿಂತಿರುಗಿ ಕಪ್ಪು ಜಾಕೆಟ್ಟಿನ ಅಂಗಡಿಗೆ ಓಡಿದಳು. ಅದೂ ಮುಚ್ಚಿತ್ತು. ಬಸ್ಸಿನಲ್ಲಿ ತಾಯಿಯೂ ಮಗಳೂ ಒಂದೇ ಸೀಟಿನಲ್ಲಿ ಕೂತು ಬೇರೆ ಬೇರೆ ಕಡೆಗೆ ನೋಡಿದರು. ದಾರಿಯಲ್ಲಿ ಟೋಕನಮ್ಮ ಕೆಲಸ ಮಾಡುವ ಅಂಗಡಿಯ ಗಾಜಿನ ಗೂಡು ಕಂಡಿತು. ಗೊಂಬೆಗೆ ಹೊಸ ಬಟ್ಟೆ ಹಾಕಿದ್ದರು, ಕೆಂಪು, ಗುಂಡಿಗಳೇ ಇಲ್ಲದ್ದು.

ಮನೆಗೆ ಬಂದು ಟೋಕನಮ್ಮ ಆ ಬೂದು ಜಾಕೆಟ್ಟನ್ನು ಮೇಜಿನ ಮೇಲೆ ಹರಡಿದಳು. ಸೂಜಿ ದಾರದ ಡಬ್ಬಿ ತೆಗೆದಳು. ಅದರಲ್ಲಿ ಟೇಪಣ್ಣ ಯಾವಾಗಲೋ ಕೊಟ್ಟ ಆಮೆಚಿಪ್ಪಿನ ಬಣ್ಣದ ಐದು ಗುಂಡಿಗಳಿದ್ದವು. "ಗುಂಡಿ ಬದಲಾಯಿಸಿದ್ರೆ ಬಟ್ಟೆ ಅರ್ಧ ಬದಲಾಗುತ್ತೆ. ಸೊಂಟದ ಹತ್ರ ಎರಡು ಬೆರಳು ಹಿಡಿದ್ರೆ..."

"ಮುಟ್ಟಬೇಡಮ್ಮ," ಎಂದಳು ಮಗಳು. "ವಾಪಸ್ ಕೊಡ್ಬೇಕು. ಹೇಗಿತ್ತೋ ಹಾಗೇ."

ಕತ್ತರಿ ಕೈಯಲ್ಲೇ ಉಳಿಯಿತು. ಮಾಡಲು ಏನೂ ಇರಲಿಲ್ಲ. ನೂಲಿನ ಗಂಟು ಕಿತ್ತಳು, ಧೂಳು ಕೊಡವಿದಳು, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿದಳು. ಮೊಣಕೈಯ ಹೊಳಪು ಹಾಗೇ ಉಳಿಯಿತು.

ಸೋಮವಾರ ಬೆಳಿಗ್ಗೆ ಮಗಳು ಬೂದು ಜಾಕೆಟ್ ಹಾಕಿಕೊಂಡು ಹೊರಟಳು. ಅಪ್ಪ ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ. "ಬಹಳ ಚೆನ್ನಾಗಿ ಕಾಣ್ತೀಯ ಮಗಳೇ," ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ತಾಯಿ ಬಾಗಿಲವರೆಗೆ ಬಂದಳು. "ಊಟದ ಡಬ್ಬಿ ತಗೊಂಡ್ಯಾ?" ಎಂದಳು. "ಬಸ್ಸಿಗೆ ಚಿಲ್ಲರೆ ಇದೆಯಾ?" ಎಂದಳು. ಮಗಳು ಎರಡಕ್ಕೂ ಬಾಯಿ ತೆರೆಯಲಿಲ್ಲ. ಬಲಮೊಣಕೈಯ ಮೇಲೆ ಎಡಗೈ ಇಟ್ಟುಕೊಂಡಿದ್ದಳು.

ಎರಡನೇ ಮಹಡಿಯ ತಿರುವಿಗೆ ಇಳಿದವಳು ನಿಂತು ಮೇಲೆ ನೋಡಿದಳು. ಕೈ ಎತ್ತಿ ಎರಡು ಬೆರಳು ತೋರಿಸಿದಳು. ಆಮೇಲೆ ಇಳಿದು ಹೋದಳು.

ತಾಯಿ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.